ಮೂರು ಮೂಲೆಯ ಮನೆ

ನ್ಯೂಯಾರ್ಕ್ ನಗರದಲ್ಲಿ ಇಸ್ತ್ರಿಪೆಟ್ಟಿಗೆಯ ಹೆಸರು ಹೊತ್ತ ಕಟ್ಟಡವೊಂದಿದೆ. ಫ್ಲಾಟೈರನ್ ಎಂಬ ಆ ಕಟ್ಟಡ ಮುಗಿದದ್ದು 1902ರಲ್ಲಿ. ಎತ್ತರ ಸುಮಾರು 285 ಅಡಿ. ಅದರ ಮೂತಿಯ ಅಗಲವಾದರೋ ಆರೂವರೆ ಅಡಿ ಮಾತ್ರ! ಗಾಳಿ ಬೀಸಿದರೆ ಉರುಳೀತೆಂದು ಅಂದಿನವರು ನಕ್ಕರಂತೆ. ಒಳಗಿನ ಉಕ್ಕಿನ ಹಂದರ ಅದನ್ನು ಇಂದಿಗೂ ನಿಲ್ಲಿಸಿದೆ. ಅಟ್ಲಾಂಟ ನಗರದಲ್ಲಿ ಇಂತಹುದೇ ಒಂದು 1897ರಲ್ಲಿಯೇ ಎದ್ದಿತ್ತು.

ಡೇನಿಯಲ್ ಬರ್ನ್‌ಹ್ಯಾಮ್ ಎಂಬ ವಾಸ್ತುಶಿಲ್ಪಿ ಬಯಸಿ ಈ ಆಕಾರ ಕೊಟ್ಟನೆಂದು ತಿಳಿಯಬೇಡಿ. 1811ರ ಯೋಜನೆಯಂತೆ ಆ ಊರಿನ ಬೀದಿಗಳು ಪಗಡೆಹಾಸಿನ ಮನೆಗಳಂತೆ ನೆಟ್ಟಗೆ ಬಿದ್ದವು. ಆದರೆ ಮೂಲನಿವಾಸಿಗಳ ಕಾಲುದಾರಿಯ ಜಾಡಿನಲ್ಲಿ ಬಂದ ಬ್ರಾಡ್‌ವೇ ರಸ್ತೆ ಮಾತ್ರ ಓರೆಯಾಗಿಯೇ ಉಳಿಯಿತು. ಅದು ಹಾಯ್ದೆಡೆಯಲ್ಲಿ ನೆಲ ಬೆಣೆಯಾಯಿತು. ನೆಲದಂತೆ ಕಟ್ಟಡವೂ ಆಯಿತು.

ನಮ್ಮ ಸೀಮೆಯಲ್ಲಿ ಆ ಓರೆದಾರಿಯ ಕೆಲಸವನ್ನು ಮಾಡಿದವಳು ಕಾವೇರಿ. ಶ್ರೀರಂಗಪಟ್ಟಣದ ಪಡುವಣ ತುದಿಯಲ್ಲಿ ಅವಳು ಎರಡಾಗಿ ಸೀಳುತ್ತಾಳೆ. ಮೂರು ಮೈಲಿ ಉದ್ದದ ದ್ವೀಪದ ಆ ತುದಿಯಲ್ಲಿಯೇ ಕೋಟೆಯಿದೆ. 1454ರಲ್ಲಿ ಅದನ್ನು ಕಟ್ಟಿಸಿದವನು ನಾಗಮಂಗಲದ ತಿಮ್ಮಣ್ಣನೆಂದು ಹೇಳುತ್ತಾರೆ. ಗೋಡೆಗಳು ಹೊಳೆಯ ಓರೆಯನ್ನೇ ಹಿಡಿದು ಸಾಗಿವೆ. ಮಳೆಗಾಲದಲ್ಲಿ ಇದಕ್ಕಿಂತ ಒಳ್ಳೆಯ ಕಂದಕ ಯಾವ ಅರಸನಿಗೆ ದೊರೆತೀತು? ಬೇಸಗೆಯ ಮಾತು ಬೇರೆ. 1799ರ ಮೇ 4ರ ಮಧ್ಯಾಹ್ನ, ಮುಂಗಾರು ಬರುವ ಮುನ್ನವೇ ಕೆಲಸ ಮುಗಿಸುವ ಆತುರದಲ್ಲಿದ್ದ ಇಂಗ್ಲಿಷರ ಸೈನ್ಯ, ಸೊರಗಿದ ಹೊಳೆಯನ್ನು ದಾಟಿ, ವಾಯವ್ಯ ಮೂಲೆಯ ಬಳಿ ಒಡೆದ ಗೋಡೆಯನ್ನೇರಿತು. ಟಿಪ್ಪು ಸುಲ್ತಾನನು ಅಂದೇ ಮಡಿದನು.

ಇನ್ನು ನಮ್ಮ ಸೋದರತ್ತೆಯ ಕೋಟೆಯ ವಿಚಾರ. 1968ರಲ್ಲಿ ಅವರ ಗಂಡನ ಮನೆಯ ಆಸ್ತಿ ಪಾಲಾದಾಗ, ಎರಡು ಮಕ್ಕಳ ವಿಧವೆಯಾಗಿದ್ದ ಅವರಿಗೆ ಬಂದದ್ದು ಪಾಂಡವಪುರದಲ್ಲಿ ಎರಡು ರಸ್ತೆ ಕೂಡುವಲ್ಲಿನ ಮುಮ್ಮೂಲೆಯ ತುಂಡುನೆಲ. ಬೇರೆ ಯಾರಿಗೂ ಅದು ಬೇಕಿರಲಿಲ್ಲ. ಮುಂದೆ ಕಿರಿದಾಗಿ ಹಿಂದೆ ಅಗಲವಾದ ಗೋಮುಖ ವಾಸಕ್ಕೆ ಒಳ್ಳೆಯದು, ಮುಂದೆ ಅಗಲವಾದ ವ್ಯಾಘ್ರಮುಖ ವ್ಯಾಪಾರಕ್ಕಾದೀತು ಎನ್ನುವ ನಮ್ಮವರು, ಬರಿಯ ತ್ರಿಕೋಣವನ್ನು ಕಂಡರೆ ಮಾತ್ರ ಹೆದರುತ್ತಾರೆ.

“ಮೂರು ಮೂಲೆ ಆಗಿಬರುವುದಿಲ್ಲ, ತಾಯಿ” ಎಂದರು ಜೋಯಿಸರು.

“ನಾಲ್ಕು ಮೂಲೆಯ ಮನೆ ನನಗೆ ಆಗಿಬಂದಿತ್ತೆ, ಜೋಯಿಸರೆ?” ಎಂದರು ಅತ್ತೆ.

ಮನೆ ಎದ್ದಿತು. ಮೇಸ್ತ್ರಿಯ ಮೂಲೆಮಟ್ಟ ಆ ಮೂತಿಯಲ್ಲಿ ಯಾವ ಪ್ರಯೋಜನಕ್ಕೂ ಬರಲಿಲ್ಲ. ಇಟ್ಟಿಗೆಗಳನ್ನು ಒಂದೊಂದಾಗಿ ಓರೆಯಾಗಿ ಒಡೆದು ಕೂಡಿಸಬೇಕಾಯಿತು. ಮಂಚವನ್ನು ಎಲ್ಲಿ ಹಾಕಿದರೂ ಅದರ ಹಿಂದೆ ಬೆಕ್ಕು ಮರಿಹಾಕುವಷ್ಟು ಸಂದಿ ಉಳಿಯುತ್ತಿತ್ತು. (ಬೆಕ್ಕು ಮರಿಹಾಕಿದ್ದೂ ನಿಜ.) ಆದರೆ ನಾಲ್ಕಡಿ ಅಗಲದ ಆ ಮೂತಿಗೆ ಅತ್ತೆ ಕಿಟಕಿಯಿಡಿಸಿ, ಹಪ್ಪಳ, ಸಂಡಿಗೆ, ಚಟ್ನಿಪುಡಿಗಳ ಅಂಗಡಿ ತೆರೆದರು. ಒಂದೇ ಮಣೆಯ ಮೇಲೆ ಕುಳಿತು ಎರಡು ರಸ್ತೆಯ ಗಿರಾಕಿಗಳನ್ನು ಕರೆಯಬಹುದಾಗಿತ್ತು. ಸಂತೆಯ ದಿನ ಆ ಕಿಟಕಿಗೆ ಬಿಡುವೇ ಇರುತ್ತಿರಲಿಲ್ಲ. ಇಬ್ಬರು ಗಂಡುಮಕ್ಕಳ ಓದು ಆ ಕಿಟಕಿಯಲ್ಲಿಯೇ ಸಾಗಿತು.

ಈಗ ರಸ್ತೆ ಅಗಲವಾಗಲಿದೆ. ಮೂತಿಯ ಗೋಡೆಗೆ ಯಾರೋ ಬಂದು ಕೆಂಪು ಬಣ್ಣದ ಗೆರೆಯೆಳೆದು ಹೋಗಿದ್ದಾರೆ. ಒಂಬತ್ತು ಅಡಿ ಹೋಗುತ್ತದೆಯಂತೆ. ಪರಿಹಾರದ ಹಣ ಬರುತ್ತದೆ, ಮೂತಿ ಹೋದರೆ ಮನೆಗೆ ನಾಲ್ಕು ಮೂಲೆಯೂ ಆಗುತ್ತದೆ ಎಂದು ಮಕ್ಕಳಿಬ್ಬರಿಗೂ ಸಮಾಧಾನ. ಕಳೆದ ತಿಂಗಳು ನಾನು ಹೋದಾಗ ಅವರು ಹೊಸ ನಕ್ಷೆಯನ್ನು ಮಂಚದ ಮೇಲೆ ಹರಡಿದ್ದರು. ಎಂಬತ್ತಾರರ ಅತ್ತೆ ಕನ್ನಡಕ ತರಿಸಿಕೊಂಡು ಅದನ್ನು ಬಹಳ ಹೊತ್ತು ನೋಡಿದರು.

“ಎಲ್ಲ ಸರಿಯಪ್ಪ, ಎರಡು ಬೀದಿಯೂ ಕಾಣುವ ಕಿಟಕಿಯನ್ನು ಎಲ್ಲಿಡುತ್ತೀರಿ?” ಎಂದು ಕೇಳಿದರು.

ಮಕ್ಕಳು ನಕ್ಷೆಯನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದರು.