ಮಳೆಗಾಲಕ್ಕೊಂದು ಪುಟ್ಟ ಒಲೆ

ಒಲೆಯ ಹುಚ್ಚು ಹತ್ತಿದವರನ್ನು ಗುರುತಿಸುವುದು ಸುಲಭ. ಗುಜರಿ ಅಂಗಡಿಯ ಮೂಲೆಯಲ್ಲಿ ಹಿತ್ತಾಳೆಯ ಹಳೆಯ ಪಂಪ್ ಸ್ಟೋವ್ ಕಂಡರೆ ಅವರ ಕಾಲು ತಾನಾಗಿ ನಿಲ್ಲುತ್ತದೆ. ಬೆಲೆ ಕೇಳುವ ಮೊದಲೇ ಪಂಪಿನ ಹಿಡಿ ಎಳೆದು ನೋಡುತ್ತಾರೆ, ಟ್ಯಾಂಕಿನ ತಳಕ್ಕೆ ಬೆಸುಗೆ ಬಿದ್ದಿದೆಯೇ ಎಂದು ಬೆರಳಾಡಿಸುತ್ತಾರೆ. ಮನೆಯವರಿಗೆ ಹೇಳಲು ಸಬೂಬೂ ಸಿದ್ಧವಿರುತ್ತದೆ: ‘ಮಳೆಗಾಲಕ್ಕೆ ಬೇಕಾಗುತ್ತೆ.’

ಆ ಸಬೂಬಿನಲ್ಲಿ ಹುರುಳಿಲ್ಲದೆ ಇಲ್ಲ. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗ ಮಡಿಕೇರಿ–ಸಂಪಾಜೆ ರಸ್ತೆಯೇ ಕಡಿದುಹೋಗಿತ್ತು. ರಸ್ತೆ ಇಲ್ಲದ ಕಡೆ ಸಿಲಿಂಡರ್ ಗಾಡಿ ಬರುವುದಿಲ್ಲ. ಕಂಬ ಉರುಳಿದರೆ ಇಂಡಕ್ಷನ್ ಒಲೆ ಬರೀ ಗಾಜಿನ ಹಲಗೆ. 1500–2000 ವ್ಯಾಟ್ ಬೇಡುವ ಅದನ್ನು ಮನೆಯ ಸಾಮಾನ್ಯ ಇನ್ವರ್ಟರ್ ತಾಳಿಕೊಳ್ಳುವುದಿಲ್ಲ. ಹಿತ್ತಿಲ ಸೌದೆ ನೆನೆದಿರುತ್ತದೆ. ಆಗ ಮಗುವಿನ ಹಾಲು ಬಿಸಿಮಾಡಲು, ಕುಡಿಯುವ ನೀರು ಕುದಿಸಲು ಅಂಗೈಯಗಲದ ಒಂದು ಒಲೆ ಸಾಕು. ಯಾವ ಒಲೆ ಎಂಬಲ್ಲಿಂದ ಮಾತ್ರ ವಾದ ಶುರು.

ಹಳಬರ ಮತ ಪಂಪ್ ಸ್ಟೋವಿಗೆ. ಸ್ವೀಡನ್ನಿನ ಫ್ರಾನ್ಸ್ ವಿಲ್ಹೆಲ್ಮ್ ಲಿಂಡ್‌ಕ್ವಿಸ್ಟ್ 1892ರಲ್ಲಿ ರೂಪಿಸಿದ ಪ್ರೈಮಸ್ ಇದರ ಮೂಲಪುರುಷ. ಅಮುಂಡ್ಸೆನ್ ತಂಡ 1911ರಲ್ಲಿ ದಕ್ಷಿಣ ಧ್ರುವಕ್ಕೆ ಒಯ್ದದ್ದು ಇದನ್ನೇ. 1953ರ ಮೇ 29ರ ಬೆಳಗ್ಗೆ ಎವರೆಸ್ಟ್‌ನ ಕೊನೆಯ ಶಿಬಿರದಲ್ಲಿ ಹಿಲರಿಯ ಬೂಟುಗಳು ಹೆಪ್ಪುಗಟ್ಟಿ ಗಡುಸಾಗಿದ್ದವು. ಸುಮಾರು ಎರಡು ಗಂಟೆ ಸ್ಟೋವಿನ ಮೇಲೆ ಹಿಡಿದು ಮೆದುಮಾಡಿದ ಮೇಲೆಯೇ ಅವರೂ ತೇನ್‌ಸಿಂಗರೂ ಶಿಖರದ ಕಡೆ ಹೊರಟದ್ದು.

ಇದನ್ನು ಹಚ್ಚುವುದೇ ಒಂದು ಸುಖ. ಹಾಲು ಕರೆಯುವ ಮುನ್ನ ಕೆಚ್ಚಲು ತೊಳೆಯುವ ಹಾಗೆ ಇದಕ್ಕೂ ಪೂರ್ವೋಪಚಾರ ಉಂಟು. ಬರ್ನರ್ ಕೆಳಗಿನ ಬಟ್ಟಲಿಗೆ ಒಂದಿಷ್ಟು ಸ್ಪಿರಿಟ್ ಸುರಿದು ಕಡ್ಡಿ ಗೀರಬೇಕು. ಕೊಳವೆಗಳು ಕಾಯುವವರೆಗೆ ಕಾಯಬೇಕು. ಸ್ಪಿರಿಟ್ ಇನ್ನೇನು ಆರುತ್ತದೆ ಎನ್ನುವಾಗ ಗಾಳಿಯ ತಿರುಪು ಬಿಗಿದು ಮೆಲ್ಲನೆ ಪಂಪ್ ಹೊಡೆಯಬೇಕು. ಟ್ಯಾಂಕಿನ ಒತ್ತಡಕ್ಕೆ ಮೇಲೇರಿದ ಸೀಮೆಎಣ್ಣೆ ಬಿಸಿ ಕೊಳವೆಯಲ್ಲಿ ಆವಿಯಾಗಿ, ನಿಪ್ಪಲ್‌ನ ಸೂಜಿಮೊನೆಯಷ್ಟು ತೂತಿನಿಂದ ನುಗ್ಗಿ, ಗಾಳಿಯೊಡನೆ ಬೆರೆತು ನೀಲಿಯಾಗಿ ಉರಿಯುತ್ತದೆ. ಅವಸರಪಟ್ಟರೆ ಆವಿಯಾಗದ ಎಣ್ಣೆಯೇ ಚಿಮ್ಮಿ ಆಳೆತ್ತರ ಹಳದಿ ಜ್ವಾಲೆ ಏಳುತ್ತದೆ. ಸರಿಯಾಗಿ ಹತ್ತಿದಾಗ ಏಳುವ ‘ಭರ್ರ್’ ಸದ್ದು ಬಲ್ಲವರಿಗೆ ಸಂಗೀತ. ಉರಿ ಕುಂಟಿದರೆ ಪಿನ್ನು ಹಾಕಬೇಕು. ಪಂಪ್ ಸಡಿಲವಾದರೆ ಚರ್ಮದ ವಾಷರ್‌ಗೆ ಎರಡು ಹನಿ ಎಣ್ಣೆ ಬಿಡಬೇಕು. ಇಡೀ ರಿಪೇರಿ ಅಷ್ಟೇ.

ಆದರೂ ಆ ಸ್ಟೋವಿಗೊಂದು ಕಪ್ಪು ಚರಿತ್ರೆಯಿದೆ. ‘ಸ್ಟೋವ್ ಸಿಡಿದು ಗೃಹಿಣಿ ಸಾವು’ ಎಂದು ಪತ್ರಿಕೆಗಳಲ್ಲಿ ಬರುತ್ತಿದ್ದ ಸುದ್ದಿಗಳ ಹಿಂದೆ ವರದಕ್ಷಿಣೆಯ ಕೊಲೆಗಳೂ ಅಡಗಿದ್ದವು. ಆ ನೆನಪಿಗೇ ಬೆಚ್ಚಿ ಇದನ್ನು ಮನೆಯೊಳಗೆ ಬಿಟ್ಟುಕೊಳ್ಳದವರು ಇಂದಿಗೂ ಇದ್ದಾರೆ.

ಅಂಥವರಿಗೆ ಬತ್ತಿ ಸ್ಟೋವ್ ಇತ್ತು. ಇಂಡಿಯನ್ ಆಯಿಲ್‌ನ ಸಂಶೋಧನಾ ವಿಭಾಗ ರೂಪಿಸಿದ ‘ನೂತನ್’ ಎಷ್ಟೋ ಬಾಡಿಗೆ ಕೋಣೆಗಳಲ್ಲಿ ಸದ್ದಿಲ್ಲದೆ ಅನ್ನ ಬೇಯಿಸಿದೆ. ಈಗ ತೊಡಕಿರುವುದು ಎಣ್ಣೆಯಲ್ಲಿ. ನ್ಯಾಯಬೆಲೆ ಅಂಗಡಿಯ ನೀಲಿ ಸೀಮೆಎಣ್ಣೆ ಹಲವೆಡೆ ಸಿಗುವುದೇ ಇಲ್ಲ. ಒಲೆ ಎಷ್ಟೇ ಚೆಂದವಿದ್ದರೂ ಕುಡಿಸಲು ಎಣ್ಣೆ ಇಲ್ಲದಿದ್ದರೆ ಅದು ಶೋಕೇಸಿನ ಹಿತ್ತಾಳೆ.

ಹೊಸಬರು, ಮುಖ್ಯವಾಗಿ ಬೆಂಗಳೂರಿನ ಚಾರಣಿಗರು, ಬ್ಯುಟೇನ್ ಡಬ್ಬಿಯವರು. ಸಿಕ್ಕಿಸಿ, ಗುಬ್ಬಿ ತಿರುಗಿಸಿದರೆ ಬೆಂಕಿ. ಲೆಕ್ಕವೂ ಸರಳ: ಒಂದು ಲೀಟರ್ ನೀರು ಕುದಿಸಲು ಸುಮಾರು 15 ಗ್ರಾಂ ಅನಿಲ ಬೇಕೆಂದರೆ, 220 ಗ್ರಾಂನ ಡಬ್ಬಿಯಲ್ಲಿ ಹದಿನಾಲ್ಕು ಲೀಟರ್ ಕುದಿಯುತ್ತದೆ. ಆದರೆ ಬ್ಯುಟೇನ್ ಆವಿಯಾಗುವುದು ಮೈನಸ್ 0.5 ಡಿಗ್ರಿಗೆ, ಆಗುಂಬೆಯಲ್ಲಿ ಚಿಂತೆಯಿಲ್ಲ, ಹಿಮಾಲಯದ ಬೆಳಗಿನಲ್ಲಿ ಅದು ದ್ರವವಾಗಿಯೇ ಕೂತುಬಿಡುತ್ತದೆ. ಅಲ್ಲಿಗೆ ಪ್ರೊಪೇನ್ ಬೆರೆತ ಡಬ್ಬಿಯೇ ಬೇಕು. ಅದನ್ನೂ ಹೋದ ಊರಿನಲ್ಲೇ ಕೊಳ್ಳಬೇಕು, ಏಕೆಂದರೆ ವಿಮಾನದಲ್ಲಿ ಒಯ್ಯುವಂತಿಲ್ಲ, ರೈಲಿನಲ್ಲೂ ನಿಷಿದ್ಧ. 2023ರ ಆಗಸ್ಟ್ 26ರಂದು ಮದುರೆಯಲ್ಲಿ ನಿಂತಿದ್ದ ಪ್ರವಾಸಿ ಬೋಗಿಯೊಂದರಲ್ಲಿ, ಕದ್ದುಮುಚ್ಚಿ ತಂದ ಗ್ಯಾಸ್ ಸಿಲಿಂಡರಿನಿಂದ ಬೆಂಕಿ ಹತ್ತಿ ಒಂಬತ್ತು ಮಂದಿ ಸತ್ತರು.

ಸ್ಪಿರಿಟ್ ಒಲೆಯಲ್ಲಿ ಕೆಡಲು ಏನೂ ಇಲ್ಲ. ಆದರೆ ಸೀಮೆಎಣ್ಣೆ ಕೊಡುವ ಶಾಖದ ಮೂರನೇ ಎರಡು ಪಾಲು ಕೂಡ ಅದರಿಂದ ಸಿಗದು. ಹಗಲಲ್ಲಿ ಉರಿ ಕಣ್ಣಿಗೂ ಕಾಣದು. ಆರಿದೆಯೆಂದು ನಂಬಿ ಮತ್ತೆ ಸುರಿದವರು ಕೈ ಸುಟ್ಟುಕೊಳ್ಳುತ್ತಾರೆ. ಸೈನಿಕರ ಚೀಲದ ಹೆಕ್ಸಾಮಿನ್ ಬಿಲ್ಲೆ ಹಗುರ, ವರ್ಷಗಟ್ಟಲೆ ಕೆಡದು. ಪಾತ್ರೆಯ ತಳಕ್ಕೆ ಮಾತ್ರ ಅಂಟಂಟು ಮಸಿ ಮೆತ್ತುತ್ತದೆ.

ಹವ್ಯಾಸ ಬದಿಗಿಟ್ಟು ತೀರ್ಪು ಹೇಳಬೇಕೆಂದರೆ, ಮಲೆನಾಡಿನ ಮನೆಗೆ ಐದು ಕಿಲೋ ಸಿಲಿಂಡರ್ ಮತ್ತು ಒಂದೇ ಬರ್ನರಿನ ಒಲೆಯೇ ಸರಿ. ಗುರುತಿನ ಚೀಟಿ ತೋರಿಸಿದರೆ ಸಿಗುತ್ತದೆ, ಮುನ್ನೂರು ಲೀಟರಿಗೂ ಮೀರಿ ನೀರು ಕುದಿಸುತ್ತದೆ. ಜೊತೆಗೆ ಎರಡು ಬ್ಯುಟೇನ್ ಡಬ್ಬಿ ಇದ್ದರೆ ಮನೆ ಬಿಟ್ಟು ಹೊರಡುವ ಹೊತ್ತಿಗಾದೀತು. ಹಿತ್ತಾಳೆಯ ಸ್ಟೋವ್ ಇದ್ದವರು ಇಟ್ಟುಕೊಳ್ಳಲಿ, ಎಣ್ಣೆ ಸಿಗುವವರೆಗೆ.

ಯಾವುದನ್ನೇ ಹಚ್ಚಿದರೂ ಕಿಟಕಿ ತೆರೆದಿರಲಿ. ಮುಚ್ಚಿದ ಕೋಣೆಯಲ್ಲಿ, ಡೇರೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ವಾಸನೆಯಿಲ್ಲದೆ ಕೊಲ್ಲುತ್ತದೆ. ಮೇ ತಿಂಗಳು ಮುಗಿಯುವುದರೊಳಗೆ ಒಂದು ಭಾನುವಾರ ಒಲೆಯನ್ನು ಹೊರಗೆ ತೆಗೆದು ಒಂದು ಲೀಟರ್ ನೀರು ಕುದಿಸಿ ನೋಡಿ. ಹಚ್ಚುವುದನ್ನು ಮನೆಯ ಇನ್ನಿಬ್ಬರಿಗೂ ಕಲಿಸಿ. ಬೆಂಕಿಪೊಟ್ಟಣವನ್ನು ನೀರು ಹೋಗದ ಡಬ್ಬಿಯಲ್ಲಿಟ್ಟು, ಆ ಡಬ್ಬಿ ಎಲ್ಲಿದೆಯೆಂದು ಎಲ್ಲರಿಗೂ ತೋರಿಸಿಬಿಡಿ.