ಒಂದೇ ಮಳೆ, ಎರಡು ಲೆಕ್ಕ

ಕಳೆದ ಡಿಸೆಂಬರಿನಲ್ಲಿ ಲಂಡನ್ನಿನಿಂದ ಬಂದ ಮೊಮ್ಮಗಳನ್ನು ವಿಜಯಪುರಕ್ಕೆ ಕರೆದುಕೊಂಡು ಹೋಗಿದ್ದೆ. ಗೋಳಗುಮ್ಮಟದಲ್ಲಿ ಮನಸಾರೆ ಕೂಗಿದ ಮೇಲೆ ತಾಜ್ ಬಾವಡಿಗೆ ಬಂದೆವು. ಆದಿಲ್‌ಶಾಹಿ ಕಾಲದ ಭಾರೀ ಬಾವಿ ಅದು.

"ಇದು ಒಣ ಸೀಮೆ ಪುಟ್ಟಿ, ಅದಕ್ಕೇ ಇಷ್ಟು ದೊಡ್ಡ ಬಾವಿ" ಎಂದೆ.

ಅವಳು ಮೊಬೈಲ್ ನೋಡಿ, "ಅಜ್ಜಾ, ಇಲ್ಲಿ ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ. ಲಂಡನ್ನಿನಲ್ಲೂ ಹೆಚ್ಚುಕಡಿಮೆ ಅಷ್ಟೇ. ಅದನ್ನು ಯಾರೂ ಒಣ ಊರು ಅನ್ನಲ್ವಲ್ಲ?" ಎಂದಳು.

ನನ್ನ ಬಾಯಿ ಕಟ್ಟಿತು. ರಾತ್ರಿ ಲಾಡ್ಜಿನಲ್ಲಿ ಇಬ್ಬರೂ ಕೂತು ಹುಡುಕಿದೆವು. ಕೊಪ್ಪೆನ್ ಎಂಬ ವಿಜ್ಞಾನಿ 1900ರಲ್ಲಿ ಗಿಡಮರಗಳನ್ನು ನೋಡಿ ಹವಾಗುಣಗಳನ್ನು ವಿಂಗಡಿಸಿದರಂತೆ. ಅವರ ಪದ್ಧತಿಯಲ್ಲಿ ಬರೀ ಮಳೆ ನೋಡಿದರೆ ಸಾಲದು, ಸೆಕೆಯನ್ನೂ ನೋಡಬೇಕು. ನಮ್ಮ ಬ್ಯಾಂಕಿನ ಜಮಾ-ಖರ್ಚಿನ ಹಾಗೆಯೇ! ಮಳೆ ಜಮಾ, ಬಿಸಿಲಿಗೆ ಆವಿಯಾಗಿ ಹೋಗುವುದು ಖರ್ಚು.

ವರ್ಷದ ಸರಾಸರಿ ಉಷ್ಣಾಂಶವನ್ನು 20ರಿಂದ ಗುಣಿಸಿ. ಮಳೆ ವರ್ಷವಿಡೀ ಹಂಚಿ ಬೀಳುವ ಊರಾದರೆ 140 ಕೂಡಿಸಿ. ನೂರಕ್ಕೆ 70 ಪಾಲು ಬಿಸಿಲಿನ ಆರು ತಿಂಗಳಲ್ಲೇ ಬೀಳುವುದಾದರೆ 280. ಲಂಡನ್ನಿಗೆ ಸುಮಾರು 11 ಡಿಗ್ರಿ, ಅಂದರೆ 360. ಮಳೆ 600, ಕೈಯಲ್ಲಿ ಉಳಿತಾಯ. ವಿಜಯಪುರಕ್ಕೆ 26 ಡಿಗ್ರಿ ಹಿಡಿದು ಬರೀ 140 ಕೂಡಿಸಿದರೂ 660. ಅದೇ 600 ಇಲ್ಲಿ ಸಾಲದು. ಮಳೆ ಈ ಗಡಿಯ ಅರ್ಧಕ್ಕಿಂತ ಕಡಿಮೆಯಾದರೆ ಮರುಭೂಮಿ. ಅರ್ಧ ದಾಟಿಯೂ ಗಡಿ ಮುಟ್ಟದಿದ್ದರೆ ಅರೆಶುಷ್ಕ. ವಿಜಯಪುರ ಈ ಎರಡನೆಯದು.

ಮೊಮ್ಮಗಳು ನಿದ್ದೆಹೋದಳು. ನನಗೆ ನಿದ್ದೆ ಬರಲಿಲ್ಲ. ಐವತ್ತು ವರ್ಷಗಳ ಹಿಂದೆ ನಾನು ಇದೇ ಜಿಲ್ಲೆಯ ಒಂದು ಶಾಖೆಯಲ್ಲಿ ಗುಮಾಸ್ತ. ಮಲೆನಾಡಿನ ಹುಡುಗ, ಮಳೆ ಎಂದರೆ ಮಳೆ ಅಷ್ಟೇ ಎಂದುಕೊಂಡಿದ್ದವನು. ಒಬ್ಬ ರೈತರು ಸಾಲದ ಅವಧಿ ಮುಂದೂಡಲು ಕೇಳಿ ಬಂದರು. "ಈ ವರ್ಷ ಮಳೆ ಆಗಿದೆಯಲ್ಲ, ಯಜಮಾನರೇ?" ಎಂದೆ. "ಮಳಿ ಬಂತ್ರಿ ಸಾಹೇಬ್ರ, ಆದ್ರ ಬಿಸಲು ಕುಡದ್ಬಿಡ್ತು" ಎಂದರು. ನೆಪ ಹೇಳುತ್ತಿದ್ದಾರೆ ಎಂದುಕೊಂಡೆ. ಟಿಪ್ಪಣಿಯಲ್ಲಿ 'ಮಳೆ ಸಾಕಷ್ಟು' ಎಂದು ಬರೆದೆ. ಅರ್ಜಿ ತಿರಸ್ಕೃತವಾಯಿತು.

ಬೆಳಿಗ್ಗೆ ಆ ಹಳ್ಳಿಗೆ ಹೋದೆವು. ಅವರು ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಮಗ ಹೊಲ ತೋರಿಸಿದರು. ಹಿಂಗಾರಿಗೆ ಬಿತ್ತಿದ ಬಿಳಿಜೋಳ ಎದೆಯೆತ್ತರ ನಿಂತಿತ್ತು. ತಿಂಗಳಿಂದ ಮಳೆ ಇರಲಿಲ್ಲ. ಕರಿಮಣ್ಣು ಹಿಡಿದಿಟ್ಟುಕೊಂಡ ತೇವವೇ ಅದಕ್ಕೆ ಆಧಾರ. ನಾನು ಆ ಹಳೆಯ ಟಿಪ್ಪಣಿಯ ವಿಷಯ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಮೊದ್ಲ ರೊಟ್ಟಿ ತಿನ್ನ ಬರ್ರಿ" ಎಂದು ಮೊಮ್ಮಗಳ ಕೈ ಹಿಡಿದು ಮನೆಯತ್ತ ನಡೆದರು.