ಮನೆಗೊಂದೇ ಫೋನು, ಮೊದಲ ಸರದಿ ಯಾರದು?

ಶಾಲೆಯ ಹೋಂವರ್ಕ್ ಫೋನಿಗೆ ಬಂದರೆ ನಿಮ್ಮ ಮನೆಯಲ್ಲಿ ಅದು ಮೊದಲು ಸಿಗುವುದು ಯಾರ ಕೈಗೆ? ಮಗನಿಗೋ, ಮಗಳಿಗೋ?

2020ರ ಮಾರ್ಚ್‌ನಲ್ಲಿ ಕೊರೊನಾದಿಂದ ದೇಶದ ಮೊದಲ ಸಾವು ಆದದ್ದು ನಮ್ಮ ಕಲಬುರಗಿಯಲ್ಲೇ. ಶಾಲೆಗಳಿಗೆ ಬೀಗ ಬಿತ್ತು. ಸರಕಾರ ಚಂದನ ವಾಹಿನಿಯಲ್ಲಿ 'ಸಂವೇದ' ಪಾಠ ಹಾಕಿತು, 'ವಿದ್ಯಾಗಮ' ತಂದಿತು. ನಮ್ಮ ಮಕ್ಕಳ ಹೋಂವರ್ಕ್ ಮಾತ್ರ ಬರುತ್ತಿದ್ದುದು ವಾಟ್ಸ್‌ಆ್ಯಪ್‌ನಲ್ಲಿ. ಶಾಲೆ ತೆರೆದ ಮೇಲೂ ಆ ಪದ್ಧತಿ ಪೂರ್ತಿ ಹೋಗಲಿಲ್ಲ.

ಗಾಜಿಪುರದ ನಮ್ಮ ಓಣಿಯಲ್ಲಿ ಫೋನು ಅಬ್ಬಾನ ಜೇಬಿನಲ್ಲಿರುತ್ತದೆ. ಅವರು ರಾತ್ರಿ ಮನೆಗೆ ಬಂದೊಡನೆ ಅಣ್ಣ ಹಿಡಿಯುತ್ತಾನೆ. ಒಂಬತ್ತನೇ ತರಗತಿಯ ತಂಗಿ ರೊಟ್ಟಿ ಬಡಿದು, ಪಾತ್ರೆ ತೊಳೆದು ಬರುವಷ್ಟರಲ್ಲಿ ಡೇಟಾ ಮುಗಿದಿರುತ್ತದೆ, ಇಲ್ಲವೇ ಚಾರ್ಜ್. ಮರುದಿನ ಟೀಚರ್ ಬೈದರೆ, "ಅವಳಿಗೆ ಓದಿನಲ್ಲಿ ಮನಸ್ಸಿಲ್ಲ" ಎಂದು ನಾವೇ ತೀರ್ಪು ಕೊಟ್ಟುಬಿಡುತ್ತೇವೆ!

ಮನಸ್ಸಿಲ್ಲದ ಮಕ್ಕಳೂ ಇದ್ದಾರೆ, ಸುಳ್ಳೇಕೆ? ಗೆಳತಿಯ ಉತ್ತರ ನೋಡಿ ಬರೆದು ಫೋಟೋ ಕಳಿಸಿದರೆ ಅವರಿಗೆ ಕೆಲಸ ಮುಗಿಯಿತು. ಆದರೆ ಪಕ್ಕದ ಮನೆಯ ಹುಡುಗಿ ಹೇಳಿದ್ದು ಬೇರೆ: "ಚಾಚಿ, ಲೆಕ್ಕ ಮಾಡಿ ಕಳಿಸಿದರೆ ಹೆಬ್ಬೆರಳಿನ ಚಿತ್ರ ಬರುತ್ತದೆ, ಅಷ್ಟೇ. ತಪ್ಪೆಲ್ಲಿ ಅಂತ ಯಾರೂ ಹೇಳುವುದಿಲ್ಲ." ಒಮ್ಮೆ ಟೀಚರ್ ಅವಳ ತಪ್ಪನ್ನು ಬಿಡಿಸಿ ಹೇಳಿ ಧ್ವನಿ ಕಳಿಸಿದರು. ಅದನ್ನು ಮೂರು ಸಲ ಕೇಳಿದಳಂತೆ. ಮರುದಿನ ತಾನೇ ಫೋನು ಬೇಡಿಕೊಂಡು ಬಂದಳು.

ನಮ್ಮ ಮನೆಯಲ್ಲಿ ಈಗ ಇಶಾ ನಮಾಜಿನ ನಂತರ ಒಂದು ಗಂಟೆ ಫೋನು ಮಗಳದು. ಅಷ್ಟು ಹೊತ್ತು ಪಾತ್ರೆ ಅಣ್ಣನದು. ಗೊಣಗುತ್ತಾನೆ, ತೊಳೆಯುತ್ತಾನೆ.